ಸ್ವಿಫ್ಟಿನ ಟ್ರ್ಯಾಕ್ ಟೈರು: 17 ಇಂಚು ತಂದು ಕೆಟ್ಟು 15 ಸೇರಿದ್ದು

ಗಾಡಿ 2008ರ ಸ್ವಿಫ್ಟ್ ವಿಎಕ್ಸ್‌ಐ, ಪೆಟ್ರೋಲ್ 1.3, ಹಳೇ ಜಿ13ಬಿಬಿ ಇಂಜಿನ್ನು. ಮಂಡ್ಯದಲ್ಲಿ ಬೆಲ್ಲದ ಮಂಡಿ ಇಟ್ಕೊಂಡಿರೋ ನಮ್ ಮಾವಂದು, ಅವ್ರು ಹೊಸ ಗಾಡಿ ತಗೊಂಡಾಗ ಎಕ್ಸ್‌ಚೇಂಜಿಗೆ ಎಷ್ಟು ಬರ್ತಿತ್ತೋ ಅಷ್ಟಕ್ಕೇ ನಂಗೆ ಕೊಟ್ರು. ನಾನಿರೋದು ಮೈಸೂರು. ಹಿಂದಿನ ಸೀಟು, ಸ್ಟೆಪ್ನಿ, ಕಾರ್ಪೆಟ್ಟು ಕಿತ್ತು ಅಟ್ಟಕ್ಕೆ ಹಾಕಿದೀನಿ, ಬ್ರೇಕ್ ಪ್ಯಾಡು ಮತ್ತೆ ಫ್ಲೂಯಿಡ್ಡು ಹೊಸದು, ಇಂಜಿನ್ ಮುಟ್ಟಿಲ್ಲ. ಗಾಡಿನ ರೇಸ್ ಟ್ರ್ಯಾಕಲ್ಲಿ ಓಡ್ಸಕ್ಕೆ ರೆಡಿ ಮಾಡ್ತಿರೋದು, ಇದು ಬರೀ ವೀಲು ಟೈರಿನ ಲಾಗು. ನವೆಂಬರಲ್ಲಿ ಶುರು ಮಾಡಿದ್ದು, ಈಗ ಜುಲೈ, ಇನ್ನೂ ಮುಗ್ದಿಲ್ಲ.

ನವೆಂಬರ್, ಸ್ಟಾಕ್ ಟೈರಲ್ಲೇ ಮೊದಲ್ನೇ ಟ್ರ್ಯಾಕ್ ಡೇ

ಕೊಯಮತ್ತೂರಿನ ಚೆಟ್ಟಿಪಾಳ್ಯದಲ್ಲಿರೋ ಕರಿ ಸ್ಪೀಡ್‌ವೇ, ಒಂದು ಸುತ್ತು 2.1 ಕಿಮೀ. ನಮ್ಗೆ ಹತ್ರದ ಟ್ರ್ಯಾಕು ಅಂದ್ರೆ ಅದೇ, ಚೆನ್ನೈ ಹತ್ರ ಇರುಂಗಾಟುಕೋಟೈದು 3.7 ಕಿಮೀ ಇದೆ ಆದ್ರೆ ಮೈಸೂರಿಂದ ಅಷ್ಟು ದೂರ ಯಾರು ಹೋಗ್ತಾರೆ. ಗಾಡಿಲಿದ್ದಿದ್ದು ಕಂಪ್ನಿ ಸ್ಟೀಲ್ ರಿಮ್ಮು, 165/80 ಆರ್14, ಅಂದ್ರೆ ಟೈರು 165 ಎಂಎಂ ಅಗಲ, ಪಕ್ಕದ ಗೋಡೆ (ಸೈಡ್‌ವಾಲು) ಎತ್ತರ ಅದ್ರ 80 ಪರ್ಸೆಂಟು, ರಿಮ್ಮು 14 ಇಂಚು. ಆ ಟೈರಿನ ಸೈಡ್‌ವಾಲೇ 132 ಎಂಎಂ ಎತ್ತರ, ಅಂದ್ರೆ ತಿರುವಲ್ಲಿ ಗಾಡಿ ಒಂದ್ಕಡೆ ಹೋಗುತ್ತೆ, ಟೈರಿನ ಮೈ ಇನ್ನೊಂದ್ಕಡೆ. ಸ್ಟೀರಿಂಗ್ ತಿರುಗಿಸಿ ಅರ್ಧ ಸೆಕೆಂಡ್ ಕಾಯ್ಬೇಕು. ಸೈಡ್‌ವಾಲಿಗೆ ಬಿಳಿ ಶೂ ಪಾಲಿಶ್ ಹಚ್ಕೊಂಡು ಹೋಗಿದ್ದೆ, ಸ್ಕೂಲ್ ಕ್ಯಾನ್ವಾಸ್ ಶೂಗೆ ಹಚ್ತೀವಲ್ಲ ಅದೇ. ಮೂರು ಸುತ್ತು ಹೊಡ್ದು ಬಂದು ನೋಡಿದ್ರೆ ಮುಂದಿನ ಟೈರಲ್ಲಿ ಪಾಲಿಶ್ಶು ಅಕ್ಷರ ಬರೆದಿರೋ ಜಾಗದ ತನಕ ಅಳಿಸೋಗಿದೆ, ಅಂದ್ರೆ ನಾನು ಟ್ರೆಡ್ ಮೇಲಲ್ಲ ಸೈಡ್‌ವಾಲ್ ಮೇಲೆ ಓಡ್ಸಿದೀನಿ. ಗಾಳಿ 40ಕ್ಕೆ ಏರಿಸಿ ಹೆಂಗೋ ದಿನ ಮುಗಿಸ್ದೆ. ಮುಂದಿನ ಎರಡು ಟೈರಿನ ಹೊರ ಅಂಚು ಇಲಿ ಕಡಿದಂಗೆ ಆಗಿತ್ತು.

ಡಿಸೆಂಬರ್, 17 ಇಂಚಿನ ಪೆದ್ದತನ

ಇಲ್ಲಿ ನಾನು ಮಾಡಿದ್ದು ಏನೂ ಅಳೀದೆ, ಯಾರ್ನೂ ಕೇಳ್ದೆ, ಫೋಟೋ ನೋಡಿ ದುಡ್ಡು ಕೊಟ್ಟಿದ್ದು. 17x7 (17 ಇಂಚು ವ್ಯಾಸ, 7 ಇಂಚು ಅಗಲ), ಇಟಿ 35 (ಆಫ್‌ಸೆಟ್ಟು, ಅಂದ್ರೆ ಹಬ್ಬಿಗೆ ಕೂರೋ ಮುಖ ರಿಮ್ಮಿನ ನಡುಮಧ್ಯಕ್ಕಿಂತ ಎಷ್ಟು ಎಂಎಂ ಹೊರಗಿದೆ ಅನ್ನೋದು), ಸೆಕೆಂಡ್‌ಹ್ಯಾಂಡ್ ಸೆಟ್ಟು, 205/40 ಆರ್17 ಟೈರು ಸಮೇತ 32,000. ಪಿಸಿಡಿ, ಅಂದ್ರೆ ನಟ್ಟಿನ ತೂತುಗಳ ಅಳತೆ, 4x100 (ನಾಲ್ಕು ತೂತು, 100 ಎಂಎಂ ವೃತ್ತದ ಮೇಲೆ) ಸರಿ ಇತ್ತು, ಅದೊಂದು ನೋಡ್ಕೊಂಡೆ, ಅದೊಂದೇ. ಹಾಕ್ದಾಗ ಗಾಡಿ ಏನ್ ಕಾಣ್ತಿತ್ತು ಅಂತೀರಾ, ಎರಡು ದಿನ ಬಾಲ್ಕನಿಯಿಂದ ನೋಡಿದ್ದೇ ನೋಡಿದ್ದು.

ಮೂರನೇ ದಿನ ಹಿಂದೆ ಇಬ್ರನ್ನ ಕೂರಿಸ್ಕೊಂಡು, ಸೀಟಿಲ್ಲ ದಿಂಬು ಹಾಕಿ ಕೂತಿದ್ರು, ಅದನ್ನ ಯಾರೂ ಮಾಡ್ಬೇಡಿ, ಮಂಡ್ಯ ಕಡೆ ಹೊರಟ್ರೆ ಪ್ರತಿ ಹಂಪಲ್ಲೂ ಹಿಂದಿನ ಫೆಂಡರ್ ಅಂಚು ಟೈರಿಗೆ ಕೊರೀತಾ ಇದೆ. ಮೇಲುಕೋಟೆ ರೋಡಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಕ್ಕೆ ಅಂತ ಅಂಚಿಗಿಳಿದೆ, ಒಂದು ಗುಂಡಿ, ಒಂದೇ ಏಟು, ಎಡಗಡೆ ಮುಂದಿನ ಟೈರಲ್ಲಿ ನಿಂಬೆಹಣ್ಣಿನಷ್ಟು ಬೊಬ್ಬೆ.

ಮಾವನ ಮಂಡಿಲಿ ಬೆಲ್ಲ ತೂಗೋ ಎಲೆಕ್ಟ್ರಾನಿಕ್ ಸ್ಕೇಲಿದೆ. ಸುಮ್ನೆ ಕುತೂಹಲಕ್ಕೆ ಒಂದು ವೀಲು ಬಿಚ್ಚಿ ಇಟ್ಟೆ: 19.6 ಕೆಜಿ. ಮೂಲೆಲಿ ಬಿದ್ದಿದ್ದ ಹಳೇ ಸ್ಟೀಲ್ ರಿಮ್ಮು ಟೈರು ಸಮೇತ ಇಟ್ಟೆ: 14.2. ಒಂದೊಂದು ಮೂಲೆಗೂ 5.4 ಕೆಜಿ ಜಾಸ್ತಿ, ಅದೂ ತಿರುಗೋ ತೂಕ, ಸ್ಪ್ರಿಂಗಿಗಿಂತ ಕೆಳಗಿರೋ ತೂಕ. ಸೀಟು ಕಿತ್ತು ಉಳಿಸಿದ್ದ ತೂಕನ ಕೆಡೋ ಜಾಗಕ್ಕೇ ತಂದು ಹಾಕಿದ್ದೆ. ಮಾವ ಪಕ್ಕದಲ್ಲಿ ನಿಂತು ಅಚ್ಚು ಬೆಲ್ಲ ಎಣಿಸ್ತಾ "ದುಡ್ ಕೊಟ್ಟು ತೂಕ ತಗೊಂಡ್ಯಲ್ಲೋ" ಅಂದ್ರು. ಬೊಬ್ಬೆ ಬಂದ ಟೈರು ಬಿಸಾಕಿ ಮಿಕ್ಕಿದ್ದನ್ನ 19,000ಕ್ಕೆ ಮಾರ್ದೆ. ನಷ್ಟ 13,000.

ಜನವರಿ, ಸಂಕ್ರಾಂತಿ ಆದ್ಮೇಲೆ, ಅಳತೆ

ಈಗ ಮೊದ್ಲೇ ಮಾಡ್ಬೇಕಾಗಿದ್ದ ಕೆಲ್ಸ. ಎದುರು ಮನೆ ಅಂಕಲ್ಲು ಮೇಟಗಳ್ಳಿ ವಿಕ್ರಾಂತ್ ಟೈರ್ಸಲ್ಲಿ ಕೆಲ್ಸ ಮಾಡಿ ರಿಟೈರ್ ಆದೋರು, 1997ರಲ್ಲಿ ಜೆಕೆಯವ್ರು ತಗೊಂಡ್ರಲ್ಲ, ಅದಕ್ಕೂ ಮುಂಚಿಂದ ಇದ್ದೋರು. ನಾನು ಯಾವ ರಿಮ್ ತಗೊಳ್ಲಿ ಅಂತ ಕೇಳಕ್ಕೆ ಹೋದ್ರೆ ಅವ್ರು "ರಿಮ್ಮಿರ್ಲಿ, ಟೈರ್ ಯಾವ್ದು ಸಿಗುತ್ತೆ ಅಂತ ನೋಡ್ದಾ" ಅಂದ್ರು. ನೋಡಿರ್ಲಿಲ್ಲ. ನಂಗೆ ಇಡೀ ಪ್ರಾಜೆಕ್ಟಲ್ಲಿ ಸಿಕ್ಕ ಒಳ್ಳೇ ಮಾತು ಅದೇ. ಗ್ರಿಪ್ ಇರೋ ಟೈರು ನಮ್ಮಲ್ಲಿ ಎಲ್ಲಾ ಸೈಜಲ್ಲೂ ಸಿಗಲ್ಲ, ಸಿಗೋ ಸೈಜು ಹಿಡ್ಕೊಂಡು ಅದಕ್ಕೆ ರಿಮ್ ಹುಡುಕ್ಬೇಕೇ ಹೊರ್ತು ರಿಮ್ ತಂದು ಟೈರ್ ಹುಡುಕೋದಲ್ಲ.

ಗಾಡಿಲಿ ಎಷ್ಟು ಜಾಗ ಇದೆ ಅಂತ ನೋಡಿದ್ದು ಹಿಂಗೆ: ಬಾಡಿನ ಸ್ಟ್ಯಾಂಡ್ ಮೇಲೆ ನಿಲ್ಸಿ, ವೀಲ್ ಹಾಕಿ, ಲೋವರ್ ಆರ್ಮ್ ಕೆಳಗೆ ಇನ್ನೊಂದು ಜಾಕ್ ಇಟ್ಟು ಬಾಡಿ ಸ್ಟ್ಯಾಂಡಿಂದ ಏಳೋ ಹಂತದ ತನಕ ಎತ್ತಿ, ಆ ಪೊಸಿಷನ್ನಲ್ಲಿ ಸ್ಟೀರಿಂಗು ಪೂರ್ತಿ ಎಡ, ಪೂರ್ತಿ ಬಲ. ಟೈರಿಗೂ ಒಳಗಡೆ ಇರೋ ಸ್ಟ್ರಟ್ಟಿಗೂ (ಶಾಕ್ ಅಬ್ಸಾರ್ಬರ್ ಕಂಬ) ಮಧ್ಯೆ ಮಕ್ಳ ಕ್ಲೇ ಉಂಡೆ ಮಾಡಿ ತುರುಕಿ ಅದು ಎಷ್ಟು ದಪ್ಪಕ್ಕೆ ಅಪ್ಪಚ್ಚಿ ಆಯ್ತು ಅಂತ ವರ್ನಿಯರಲ್ಲಿ ಅಳೆದೆ. ಸ್ಟಾಕ್ ಟೈರಿಗೆ ಒಳಗಡೆ 20 ಎಂಎಂ ಜಾಗ ಸಿಕ್ತು.

ಲೆಕ್ಕ ಸುಲಭ. ಟೈರಿನ ನಿಜವಾದ ಅಗಲದ ಅರ್ಧಕ್ಕೆ ಇಟಿ ಕೂಡಿದ್ರೆ ಒಳಗಡೆ ಎಷ್ಟು ಹೋಗುತ್ತೆ ಗೊತ್ತಾಗುತ್ತೆ, ಕಳೆದ್ರೆ ಹೊರಗಡೆ ಎಷ್ಟು ಬರುತ್ತೆ. ನನ್ ಸ್ಟೀಲ್ ರಿಮ್ಮು 5 ಇಂಚು, ಇಟಿ ನಾನು ಅಳೆದಾಗ 45 ಬಂತು, ಮೇಲಿನ ಟೈರು ಸುಮಾರು 170 ಎಂಎಂ ಅಗಲ. ಒಳಗೆ 85+45, 130. ಹೊರಗೆ 85-45, 40. ಮಾರಿದ 17ರದ್ದು ಹಿಂಗೇ ಹಾಕಿ ನೋಡ್ದೆ: ಒಳಗೆ 139, ಹೊರಗೆ 69. ಹೊರಗಡೆ 29 ಎಂಎಂ ಜಾಸ್ತಿ, ಉಜ್ಜದೆ ಇನ್ನೇನಾಗುತ್ತೆ. ಒಂದು ಹಾಳೆ, ಎರಡು ನಿಮಿಷದ ಲೆಕ್ಕ, 13,000 ರೂಪಾಯಿ.

ಫೆಬ್ರವರಿ, ಸೈಜು ಫೈನಲ್

ಬೆಂಗ್ಳೂರು, ಕೊಯಮತ್ತೂರು ಎಲ್ಲಾ ಫೋನ್ ಮಾಡಿ ಸಿಗೋ ಟೈರುಗಳ ಪಟ್ಟಿ ಮಾಡ್ಕೊಂಡೆ. 14 ಇಂಚಲ್ಲಿ 185/60 ಇತ್ತು ಆದ್ರೆ ಎಲ್ಲಾ ಮೈಲೇಜ್ ಟೈರು, ಗಟ್ಟಿ. 16ರಲ್ಲಿ ಒಳ್ಳೇವಿವೆ, ರೇಟು ಜಾಸ್ತಿ, ರಿಮ್ಮೂ ಭಾರ. 15ರಲ್ಲಿ ಮೂರು ಉಳೀತು.

195/55 ಆರ್15, ಒಟ್ಟು ವ್ಯಾಸ 595 ಎಂಎಂ. ಸುಲಭವಾಗಿ ಸಿಗುತ್ತೆ, ಆಗ 5,200ರಿಂದ ಶುರು ಇತ್ತು, ಆದ್ರೆ ಈ ಸೈಜಲ್ಲಿ ನಂಗೆ ಸಿಕ್ಕಿದ್ದೆಲ್ಲಾ ರೋಡ್ ಟೈರು. 205/50 ಆರ್15, 586 ಎಂಎಂ, ಆಸೆ ಆಗಿದ್ದು ಇದೇ, ಆದ್ರೆ 6.5 ರಿಮ್ ಮೇಲೆ 214 ಎಂಎಂ ಅಗಲ ಕೂರುತ್ತೆ, ಇಟಿ 38 ಹಾಕಿದ್ರೆ ಒಳಗಡೆ 5 ಎಂಎಂ ಉಳ್ಯುತ್ತೆ, ಟ್ರ್ಯಾಕಲ್ಲಿ ಎಲ್ಲಾ ಬಾಗ್ತಾ ಇರುವಾಗ 5 ಎಂಎಂ ಇದ್ರೂ ಒಂದೇ ಇಲ್ದಿದ್ರೂ ಒಂದೇ. 195/50 ಆರ್15, 576 ಎಂಎಂ, ಇಂಪೋರ್ಟೆಡ್ ಸೆಮಿ ಸ್ಲಿಕ್ಕು (ಗೀರು ಕಮ್ಮಿ, ಗ್ರಿಪ್ ಜಾಸ್ತಿ ಇರೋ ಟ್ರ್ಯಾಕ್ ಟೈರು) ಟ್ರೆಡ್‌ವೇರ್ 200ದು (ಈ ನಂಬರು ಕಮ್ಮಿ ಇದ್ದಷ್ಟೂ ಬೇಗ ಸವೆಯೋ ಮೆತ್ತಗಿನ ರಬ್ಬರು) ಈ ಸೈಜಲ್ಲೇ ಸಿಕ್ಕಿದ್ದು. ಲೋಡ್ ಇಂಡೆಕ್ಸ್ 82 ಅಂದ್ರೆ ಒಂದು ಟೈರಿಗೆ 475 ಕೆಜಿ.

ಅದು ಸಾಕಾ ಅಂತ ನೋಡಕ್ಕೆ ಮಾವನ ಜೊತೆ ಲಾರಿ ತೂಗೋ ವೇ ಬ್ರಿಡ್ಜಿಗೆ ಹೋದೆ, ಮುಂದೆ ಕಬ್ಬಿನ ಲಾರಿ, ಹಿಂದೆ ಕಬ್ಬಿನ ಲಾರಿ, ಮಧ್ಯೆ ನನ್ ಸ್ವಿಫ್ಟು. ತೂಗೋನಿಗೆ ನಗು ತಡಿಯಕ್ಕಾಗ್ತಿಲ್ಲ. ಮುಂದಿನ ವೀಲು ಎರಡನ್ನ ಮಾತ್ರ ಪ್ಲೇಟ್ ಮೇಲೆ ಹತ್ತಿಸಿ ಒಂದ್ಸಲ, ಪೂರ್ತಿ ಗಾಡಿ ಒಂದ್ಸಲ, ನಾನು ಒಳಗೆ ಕೂತೇ. ಒಟ್ಟು 1020, ಮುಂದೆ 640, ಹಿಂದೆ 380. ಆ ಕಾಟಾ 10 ಕೆಜಿ ಲೆಕ್ಕದಲ್ಲಿ ತೋರ್ಸೋದು, ಒಂಚೂರು ಆಕಡೆ ಈಕಡೆ ಇರ್ಬೋದು. ಮುಂದೆ 63 ಪರ್ಸೆಂಟು ತೂಕ, ಇದು ಮುಂದಿನ ಟೈರು ಯಾಕೆ ಸಾಯುತ್ತೆ ಅನ್ನೋದಕ್ಕೂ ಉತ್ತರ. ಲೋಡು ಆರಾಮಾಗಿ ಸಾಕು.

ಸೈಜ್ ಚಿಕ್ಕದಾದ್ರೆ ಗೇರಿಂಗೂ ಬದಲಾಗುತ್ತೆ ಅನ್ನೋದು ಮರೀಬೇಡಿ. 165/80 ಆರ್14 ಒಟ್ಟು 620 ಎಂಎಂ, 576ಕ್ಕೆ ಇಳಿದ್ರೆ 7 ಪರ್ಸೆಂಟ್ ಕಮ್ಮಿ. ಪಿಕಪ್ಪು ಚುರುಕು, ಸ್ಪೀಡೋಮೀಟರು 100 ತೋರ್ಸುವಾಗ ನಿಜ 93, ಗಾಡಿ 22 ಎಂಎಂ ತಗ್ಗು. ಹೈವೇಲಿ ಇಂಜಿನ್ ಸುಮ್ನೆ ಕಿರುಚುತ್ತೆ. ಟ್ರ್ಯಾಕಿಗೆ ಮಾತ್ರ ಅಂದ್ರೆ ಇದು ಲಾಭವೇ, ರೋಡಿಗೆ ಸ್ಟಾಕ್ ಸೆಟ್ಟೇ ಇರ್ಲಿ ಅಂತ ತೀರ್ಮಾನ.

ಇಲ್ಲಿ ಮಧ್ಯೆ ಇನ್ನೊಂದು ದುಡ್ ಕಳ್ಕೊಳ್ತಿದ್ದೆ. ಯಾರೋ ಇದೇ ಸೈಜಿನ ಸೆಮಿ ಸ್ಲಿಕ್ಕು, 80 ಪರ್ಸೆಂಟ್ ಇದೆ, ನಾಲ್ಕಕ್ಕೆ 12,000 ಅಂದ. ತಂದು ಅಂಕಲ್‌ಗೆ ತೋರಿಸ್ದೆ. ಅವ್ರು ಟ್ರೆಡ್ ಕಡೆ ನೋಡ್ಲೇ ಇಲ್ಲ, ಕನ್ನಡಕ ಏರಿಸಿ ಸೈಡ್‌ವಾಲ್ ಮೇಲೆ ಹೆಬ್ಬೆಟ್ಟು ಸವರ್ತಾ ಹೋಗಿ ಡಾಟ್ ನಂಬರಿನ ಕೊನೇ ನಾಲ್ಕು ಅಂಕಿ ಹತ್ರ ನಿಲ್ಸಿದ್ರು: 2317. 2017ನೇ ಇಸ್ವಿ 23ನೇ ವಾರ. ಆಮೇಲೆ ಟ್ರೆಡ್ಡಿಗೆ ಉಗುರು ಒತ್ತಿದ್ರು, ಗುರುತೇ ಬೀಳ್ಲಿಲ್ಲ. "ಇದು ರಬ್ಬರ್ ಅಲ್ಲಪ್ಪ, ಕೊಬ್ಬರಿ" ಅಂದ್ರು. ವಾಪಸ್ ಕೊಟ್ಬಂದೆ. ಹೊಸದು ನಾಲ್ಕು, ಒಂದಕ್ಕೆ 8,900.

ಮಾರ್ಚ್, ರಿಮ್ಮು, ರಿಂಗು, ನಟ್ಟು

ರಿಮ್ಮು 15x6.5, 4x100. ಇಟಿ 40 ಹುಡುಕ್ದೆ, 38 ಸಿಕ್ತು, ಸೆಕೆಂಡ್‌ಹ್ಯಾಂಡು, 26,000. ಬರೀ ರಿಮ್ಮು 6.4 ಕೆಜಿ. ಟೈರು 8.9. ಒಟ್ಟು 15.3, ಅಂದ್ರೆ ಸ್ಟಾಕಿಗಿಂತ ಇನ್ನೂ 1.1 ಕೆಜಿ ಜಾಸ್ತೀನೇ. ಹಗುರ ರಿಮ್ ಹಾಕ್ದೆ ಅಂತ ಕೊಚ್ಕೊಳ್ಳೋರು ಟೈರನ್ನೂ ಸೇರ್ಸಿ ತೂಗಿ. ಲೆಕ್ಕ: ಟೈರು 206 ಎಂಎಂ ಕೂರುತ್ತೆ, ಒಳಗೆ 141, ಹೊರಗೆ 65. ಒಳಗಿನ ಜಾಗ 20ರಿಂದ 9 ಎಂಎಂಗೆ ಇಳೀತು. ಈ 9 ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಸೆಂಟರ್ ಬೋರು, ಅಂದ್ರೆ ರಿಮ್ಮಿನ ನಡುವಿನ ತೂತು, 73.1 ಎಂಎಂ, ಅದ್ರಲ್ಲಿ ಕೂರ್ಬೇಕಾದ ಸ್ವಿಫ್ಟ್ ಹಬ್ಬು 54.1. ಸುಮ್ನೆ ನಟ್ ಮೇಲೆ ನಂಬಿ ಹಾಕಿ ರಿಂಗ್ ರೋಡಲ್ಲಿ 90 ದಾಟಿದ್ರೆ ಸ್ಟೀರಿಂಗು ಗಡಗಡ. ಎರಡ್ಸಲ ಬ್ಯಾಲೆನ್ಸಿಂಗ್ ಮಾಡಿಸ್ದೆ, ದಂಡ. ಆ ಸಂದು ತುಂಬಕ್ಕೆ ಪ್ಲಾಸ್ಟಿಕ್ ಹಬ್ ರಿಂಗು ಸಿಗುತ್ತೆ ಆದ್ರೆ ಬ್ರೇಕ್ ಬಿಸಿಗೆ ಮೆತ್ತಗಾಗುತ್ತೆ ಅಂತ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಲೇತ್ ಅಂಗಡಿಲಿ ಅಲ್ಯೂಮಿನಿಯಂ ರಿಂಗ್ ಮಾಡಿಸ್ದೆ, ಒಂದಕ್ಕೆ 250. ತಪ್ಪು ನಂದೇ: ಹೊರಗಿನ ಅಳತೆ 73.1 ಅಂತಲೇ ಬರ್ಕೊಟ್ಟೆ. ಮೊದಲ್ನೇದು ಮರದ ಸುತ್ತಿಗೆಲಿ ತಟ್ಟಿ ಕೂರಿಸಿದ್ದು ಆಮೇಲೆ ಬರ್ಲೇ ಇಲ್ಲ, ಹೀಟ್ ಗನ್ ಹಿಡಿದು ಅರ್ಧ ಗಂಟೆ. ಮಿಕ್ಕಿದ್ದನ್ನ ಹೊರಗೆ 73.0, ಒಳಗೆ 54.2 ಅಂತ ತಿದ್ದಿಸ್ದೆ, ಹಬ್ಬಿನ ತುಕ್ಕು ಎಮರಿ ಪೇಪರಲ್ಲಿ ತಿಕ್ಕಿದ್ಮೇಲೆ ಕೈಯಲ್ಲೇ ಕೂತ್ಕೊಳ್ತು. ಗಡಗಡ ಪೂರ್ತಿ ಹೋಯ್ತು.

ನಟ್ಟಿಂದು ಬೇರೆ ಕಥೆ. ರಿಮ್ ಮಾರಿದೋನು ಜೊತೆಗೆ ಕೊಟ್ಟಿದ್ದ ನಟ್ಟು ಎಂ12x1.5, ಸ್ವಿಫ್ಟಿಗೆ ಬೇಕಾಗಿರೋದು ಎಂ12x1.25, ಅಂದ್ರೆ ದಪ್ಪ ಎರಡೂ 12 ಎಂಎಂ, ಥ್ರೆಡ್ಡಿನ ಅಂತರ (ಪಿಚ್) ಬೇರೆ. ನೋಡಕ್ಕೆ ಎರಡೂ ಒಂದೇ ಥರ. ಟೈರ್ ಕೂರಿಸಿದ ಅಂಗಡಿ ಹುಡುಗ ಎರಡು ಸುತ್ತು ಕೈಯಲ್ಲಿ ತಿರುಗಿಸ್ದ, ಗಟ್ಟಿ ಆಯ್ತು, ತುಕ್ಕು ಅಂದ್ಕೊಂಡು ಗಾಳಿ ಗನ್ ಹಿಡಿದ್ಬಿಟ್ಟ. ನಾನು ಟೀ ಕುಡೀತಾ ನಿಂತಿದ್ದೆ, ಆ ಸೌಂಡು ಬದಲಾಗಿದ್ದು ಕೇಳ್ಸಿ ಓಡ್ಬಂದೆ, ಅಷ್ಟ್ರಲ್ಲಿ ಎರಡು ಸ್ಟಡ್ಡು ಥ್ರೆಡ್ ಎಗರಿಸ್ಕೊಂಡಿತ್ತು. ಹುಡುಗನ್ನ ಬೈದು ಏನ್ ಬಂತು, ನಟ್ಟು ತಂದ್ಕೊಟ್ಟಿದ್ದು ನಾನು. ಸ್ಟಡ್ ಬದಲಾಯ್ಸಕ್ಕೆ ಅರ್ಧ ದಿನ, 900. ಹೊಸ ನಟ್ಟು, 60 ಡಿಗ್ರಿ ಕೋನ್ ಸೀಟು, 16ಕ್ಕೆ 1,600. ಈಗ ಮೊದಲ ಐದಾರು ಸುತ್ತು ಕೈಬೆರಳಲ್ಲೇ ಹೋಗ್ದಿದ್ರೆ ಸ್ಪ್ಯಾನರ್ ಮುಟ್ಟಲ್ಲ, ಕೊನೇಗೆ ಟಾರ್ಕ್ ರೆಂಚಲ್ಲಿ 85 ನ್ಯೂಟನ್ ಮೀಟರು.

ಹಿಂದಿನ ಫೆಂಡರ್ ಅಂಚು ಒಳಗೆ ಮಡಚಿದ್ದು ಕ್ರಿಕೆಟ್ ಸ್ಟಂಪಲ್ಲಿ. ಹೀಟ್ ಗನ್ನಲ್ಲಿ ಪೇಂಟ್ ಬೆಚ್ಚಗೆ ಮಾಡ್ಕೊಂಡು, ಟೈರಿಗೂ ಅಂಚಿಗೂ ಮಧ್ಯೆ ಸ್ಟಂಪ್ ಇಟ್ಟು, ಒಬ್ರು ಗಾಡಿ ಹಿಂದೆ ಮುಂದೆ ನಿಧಾನ ತಳ್ಳೋದು. ಎಡಗಡೆ ಚೆನ್ನಾಗ್ ಬಂತು. ಬಲಗಡೆ ಅವಸರ ಮಾಡಿ ಸರಿಯಾಗಿ ಬಿಸಿ ಮಾಡ್ಲಿಲ್ಲ, ಒಂದು ಗೇಣುದ್ದ ಪೇಂಟು ಬಿರುಕು ಬಿಡ್ತು. ಟಚಪ್ ಹಾಕಿದೀನಿ, ಕಾಣುತ್ತೆ.

ಏಪ್ರಿಲ್, ಮತ್ತೆ ಕರಿ

ಚಾಮರಾಜನಗರ, ದಿಂಬಂ ಮೇಲೆ ಹೋಗಿದ್ದು. ರಾತ್ರಿ ಕಾಡಲ್ಲಿ ಬಿಡಲ್ಲ, ಬೆಳಿಗ್ಗೆ 6ಕ್ಕೆ ಗೇಟ್ ತೆಗೀತಾರೆ. 27 ಹೇರ್‌ಪಿನ್ನೂ ಸ್ಟಾಕ್ ಟೈರಲ್ಲಿ ಮೆಲ್ಲಗೆ ಇಳ್ಕೊಂಡು ಹೋದೆ, ಟ್ರ್ಯಾಕ್ ವೀಲು ನಾಲ್ಕೂ ಹಿಂದಿನ ಸೀಟಿನ ಜಾಗದಲ್ಲಿ ಹಗ್ಗ ಕಟ್ಟಿ. ಇಡೀ ಗಾಡಿ ಹೊಸ ರಬ್ಬರ್ ವಾಸ್ನೆ.

ಮೊದಲ್ನೇ ಸೆಷನ್ನು ತಣ್ಣಗಿದ್ದಾಗ 30 ಪಿಎಸ್‌ಐ ಹಾಕ್ದೆ. ಐದು ಸುತ್ತು ಚಿನ್ನ. ಆರನೇ ಸುತ್ತಿಂದ ಮುಂದಿನ ಟೈರು ಜಾರಕ್ಕೆ ಶುರು, ಒಳಗೆ ಬಂದು ನೋಡಿದ್ರೆ ಮುಂದೆ 39. ಬಿಸಿ ಇದ್ದಾಗ್ಲೇ 34ಕ್ಕೆ ಇಳ್ಸಿದೆ, ಹಿಂದೆ 36 ಬಿಟ್ಟೆ, ಗಾಡಿ ಹಿಂಭಾಗ ಸ್ವಲ್ಪ ತಿರುಗ್ಲಿ ಅಂತ. ಎರಡನೇ ಸೆಷನ್ನು ಬೇರೇನೇ ಗಾಡಿ. ಮಾರನೇ ದಿನ ಬೆಳಿಗ್ಗೆ ಅದೇ ಟೈರು ತಣ್ಣಗೆ ಅಳೆದಾಗ ಮುಂದೆ 26, ಈಗ ಅದೇ ನನ್ ಶುರುವಿನ ನಂಬರು. ನವೆಂಬರಿಗಿಂತ ಸುತ್ತಿಗೆ 3 ಸೆಕೆಂಡು ಚಿಲ್ಲರೆ ಕಮ್ಮಿ ಆಯ್ತು, ಅದ್ರಲ್ಲಿ ಟೈರಿನ ಪಾಲೆಷ್ಟು ನನ್ ಕಲಿಕೆ ಪಾಲೆಷ್ಟು ಅಂತ ಕೇಳ್ಬೇಡಿ.

ಮಧ್ಯಾಹ್ನ ಎಡಗಡೆ ಮುಂದೆ ಟಿಕ್ ಟಿಕ್ ಟಿಕ್. ನಟ್ ಚೆಕ್ ಮಾಡ್ದೆ, ಎರಡು ಒಂಚೂರು ಸಡ್ಲ, ಟೈಟ್ ಮಾಡ್ದೆ, ಇನ್ನೂ ಟಿಕ್ ಟಿಕ್. ವೀಲ್ ಬಿಚ್ಚಿ ನೋಡಿದ್ರೆ ಬ್ಯಾಲೆನ್ಸಿಂಗಿಗೆ ಅಂಟಿಸಿರೋ ತೂಕದ ಪಟ್ಟಿ ಕ್ಯಾಲಿಪರಿಗೆ ತಾಗ್ತಾ ಇದೆ, ಒಂದು ತುಂಡು ಆಗ್ಲೇ ಹಾರ್ಹೋಗಿದೆ. ಮೈಸೂರಿಗೆ ಬಂದ್ಮೇಲೆ 20 ಎಂಎಂ ಒಳಗೆ ಸರಿಸಿ ಅಂಟಿಸಿ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತಿದೀನಿ.

900 ರೂಪಾಯಿ ಇನ್ಫ್ರಾರೆಡ್ ಗನ್ನಲ್ಲಿ ಟೆಂಪರೇಚರ್ ನೋಡ್ದೆ. ಮೇಲ್ಮೈ ಮಾತ್ರ ತೋರ್ಸುತ್ತೆ, ಪಿಟ್ಟಿಗೆ ಬರೋವಷ್ಟ್ರಲ್ಲಿ ತಣ್ಣಗಾಗಿರುತ್ತೆ, ಆದ್ರೂ ಒಂದು ಅಂದಾಜು. ಎಡಗಡೆ ಮುಂದಿನ ಟೈರು ಒಳ ಅಂಚು 57, ಮಧ್ಯ 63, ಹೊರ ಅಂಚು 80. ಟೈರಿನ ಒಳ ಅರ್ಧಕ್ಕೆ ದುಡ್ ಕೊಟ್ಟಿದ್ದು ಸುಮ್ನೆ ಆಗಿದೆ. ಕ್ಯಾಂಬರ್ ಬೇಕು, ಅಂದ್ರೆ ವೀಲಿನ ತಲೆ ಒಳಗೆ ವಾಲ್ಬೇಕು.

ಜೂನ್, ಜುಲೈ, ಸಿಕ್ಕಾಕ್ಕೊಂಡಿರೋದು

ಸ್ಟ್ರಟ್ಟು ನಕ್ಕಲ್ಲಿಗೆ (ಹಬ್ಬನ್ನ ಹಿಡಿದಿರೋ ಭಾಗ) ಸೇರೋ ಕಡೆ ಎರಡು ಬೋಲ್ಟಿವೆ, ಮೇಲಿಂದಕ್ಕೆ ಕ್ಯಾಂಬರ್ ಬೋಲ್ಟ್ ಹಾಕಿದ್ರೆ ಒಂದೂವರೆ ಡಿಗ್ರಿ ತನಕ ಸಿಗುತ್ತೆ. ಜೋಡಿಗೆ 2,400 ಕೊಟ್ಟು ತಂದು ಹಾಕ್ದೆ, ವೀಲಿನ ತಲೆ ಚೆನ್ನಾಗಿ ಒಳಗೆ ವಾಲ್ತು, ಫೆಂಡರ್ ಕಡೆ ಜಾಗವೂ ಸಿಕ್ತು. ಖುಷಿಲಿ ಕ್ಲೇ ಉಂಡೆ ಇಟ್ಟು ನೋಡಿದ್ರೆ ಸ್ಟ್ರಟ್ ಕಡೆ ಉಳಿದಿರೋದು 3 ಎಂಎಂ. ಆ 9 ಎಂಎಂ ಇತ್ತಲ್ಲ, 6 ಇಲ್ಲಿ ಹೋಯ್ತು. ವಾಲೋದು ಸ್ಟ್ರಟ್ ಕಡೆಗೇ ಅಲ್ವಾ, ಇಟಿ ಆರಿಸುವಾಗ ಇದು ತಲೇಗೇ ಬಂದಿರ್ಲಿಲ್ಲ. ಇಟಿ 32, 33 ತಗೊಂಡು ಫೆಂಡರ್ ಕೆಲ್ಸ ಸ್ವಲ್ಪ ಜಾಸ್ತಿ ಮಾಡಿದ್ರೆ ಈ ಗೋಳು ಇರ್ತಿರ್ಲಿಲ್ಲ.

ವೀಲನ್ನ ಹೊರಗೆ ತಳ್ಳಕ್ಕೆ ರಿಮ್ಮಿಗೂ ಹಬ್ಬಿಗೂ ಮಧ್ಯೆ 5 ಎಂಎಂ ಸ್ಪೇಸರ್ (ಬಿಲ್ಲೆ) ಹಾಕೋಣ ಅಂತ ನಟ್ ಎಷ್ಟು ಸುತ್ತು ಹಿಡೀತಿದೆ ಎಣಿಸ್ದೆ, 11. ಪಿಚ್ 1.25, ಅಂದ್ರೆ 5 ಎಂಎಂ ಸ್ಪೇಸರಿಗೆ 4 ಸುತ್ತು ಹೋಗುತ್ತೆ, 7 ಉಳ್ಯುತ್ತೆ. 12 ಎಂಎಂ ಸ್ಟಡ್ಡಿಗೆ ಕನಿಷ್ಠ 12 ಎಂಎಂ ಹಿಡಿತ ಬೇಕು, 7 ಸುತ್ತಂದ್ರೆ 9 ಎಂಎಂ ಕೂಡ ಇಲ್ಲ. ಆಗಲ್ಲ. ಉದ್ದ ಸ್ಟಡ್ ಹಾಕ್ಬೇಕು, ಸ್ಪೇಸರ್ ಹಾಕಿದ್ರೆ ಹಬ್ ರಿಂಗ್ ಕೂರೋ ತುಟಿನೂ 5 ಎಂಎಂ ಕಮ್ಮಿ ಆಗುತ್ತೆ, ಅದಕ್ಕೆ ಲೇತ್ ಅಂಗಡಿಯವ್ನ ಹತ್ರ ರಿಂಗು ಸ್ಪೇಸರು ಎರಡೂ ಒಂದೇ ಪೀಸಲ್ಲಿ ಮಾಡ್ಕೊಡಕ್ಕಾಗುತ್ತಾ ಅಂತ ಕೇಳಿದೀನಿ. ಬುಧವಾರ ಡ್ರಾಯಿಂಗ್ ತಗೊಂಡ್ಬಾ ಅಂದಿದಾನೆ.

ಇಲ್ಲೀತನಕ ವೀಲು ಟೈರಿಗೆ ಮಾತ್ರ ಖರ್ಚು: ಟೈರು 35,600, ರಿಮ್ಮು 26,000, ರಿಂಗು 1,000, ನಟ್ಟು ಸ್ಟಡ್ಡು 2,500, ಕ್ಯಾಂಬರ್ ಬೋಲ್ಟು 2,400, 17 ಇಂಚಿನ ನಷ್ಟ 13,000. ಒಟ್ಟು 80,500. ಮನೇಲಿ 40 ಅಂತ ಹೇಳಿದೀನಿ.

ಗಾಡಿ ಸದ್ಯ ಸ್ಟ್ಯಾಂಡ್ ಮೇಲಿದೆ, ಮಳೆ ಬೇರೆ. ಎಡಗಡೆ ಮುಂದಿನ ಟೈರು ರಿಮ್ಮಿಂದ ಬಿಚ್ಚಿಸಿ ಉಲ್ಟಾ ಹಾಕಿಸ್ದೆ, ಈ ಮಾಡೆಲಿಗೆ ತಿರುಗೋ ದಿಕ್ಕಿನ ಬಾಣ ಇಲ್ಲ, ಹಂಗಾಗಿ ನಡೀತು, ಸವೆದ ಅಂಚು ಒಳಗೆ ಹೋಯ್ತು. ಡ್ರಾಯಿಂಗಲ್ಲಿ ಹೊರಗಿನ ಅಳತೆ ಈ ಸಲ 73.0 ಅಂತಲೇ ಬರ್ದಿದೀನಿ.